ಹಸಿರು ತಂತಿ

ಪಾವಗಡ ತಾಲ್ಲೂಕಿಗೆ ಮಳೆಯ ಬಡತನವುಂಟು, ವಿದ್ಯುತ್ತಿನ ಬಡತನವಿಲ್ಲ. ತಿರುಮಣಿಯ ಸುತ್ತಿನ ಐದು ಗ್ರಾಮಗಳಲ್ಲಿ ಸುಮಾರು 13,000 ಎಕರೆ ಬಯಲಿನ ಮೇಲೆ ಸೌರಫಲಕಗಳು ಬಿಸಿಲು ಕುಡಿಯುತ್ತ ಮಲಗಿವೆ. 2018ರಲ್ಲಿ ಆರಂಭವಾದ ಆ ಸೌರ ಉದ್ಯಾನದ ಸಾಮರ್ಥ್ಯ 2,050 ಮೆಗಾವಾಟ್. ಆ ಮೆಗಾವಾಟುಗಳ ಲೆಕ್ಕವನ್ನು ನಮ್ಮ ಅರ್ಥಶಾಸ್ತ್ರದ ಅಧ್ಯಾಪಕರಿಗೆ ಬಿಟ್ಟಿದ್ದೇನೆ. ಜಾತ್ರೆಯ ರಾತ್ರಿ ಬಯಲಿನಲ್ಲಿ ಎದ್ದು ನಿಲ್ಲುವ ಎಲ್‌ಇಡಿ ಪರದೆಗೆ ಬೇಕಾಗುವ ಆರೇ ಆರು ಕಿಲೋವಾಟಿನ ಸಂಗತಿ ನನ್ನದು.

ಬಿ.ಎ. ಓದುವವನಿಗೆ ಈ ಉಸಾಬರಿ ಏಕೆಂದು ವಾಚಕರು ಕೇಳಬಹುದು. ನಮ್ಮ ತಂದೆಯವರು ಮೈಕ್‌ಸೆಟ್ಟಿನವರು. ಏಳನೆಯ ತರಗತಿಗೆ ಶಾಲೆ ಬಿಟ್ಟು ಕಂಬ, ತಂತಿ, ಧ್ವನಿವರ್ಧಕಗಳ ನಡುವೆ ಬೆಳೆದವರು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವನು ನಾನು. ಆ ಮೆಟ್ಟಿಲಿನ ಶುಲ್ಕ ಬಂದಿರುವುದು ಈ ತಂತಿಗಳಿಂದಲೇ. ಈಚೆಗೆ ಪೌರಾಣಿಕ ನಾಟಕಗಳಲ್ಲಿಯೂ ಬಣ್ಣದ ಸೀನರಿ ಪರದೆಯ ಜಾಗಕ್ಕೆ ಎಲ್‌ಇಡಿ ಬಂದಿದೆ. (ನನಗೆ ಬಟ್ಟೆಯ ಮೇಲೆ ಬರೆದ ಅರಮನೆಯೇ ಹೆಚ್ಚು ಇಷ್ಟ, ಅದಿರಲಿ.) ಪರದೆಯವರು ತುಮಕೂರಿನಿಂದಲೋ ಹಿಂದೂಪುರದಿಂದಲೋ ಬರುತ್ತಾರೆ. ಅವರಿಗೆ ಕರೆಂಟು ಕೊಡುವ ಹೊಣೆ ಮಾತ್ರ ನಮ್ಮ ತಂದೆಯವರದು.

ದೂರದಿಂದ ಒಂದೇ ಹಾಳೆಯಂತೆ ಕಾಣುವ ಈ ಪರದೆ ನಿಜವಾಗಿ ಅರ್ಧ ಮೀಟರು ಚೌಕದ ಪೆಟ್ಟಿಗೆಗಳನ್ನು ಜೋಡಿಸಿ ಕಟ್ಟಿದ ಗೋಡೆ. ನಮ್ಮ ಕಡೆ ‘ಹನ್ನೆರಡು-ಎಂಟು’ ಎಂದು ಕರೆಯುವ ಅಳತೆಗೆ ಸುಮಾರು 35 ಪೆಟ್ಟಿಗೆಗಳು ಬೇಕು. ಪೂರ್ತಿ ಬಿಳಿಯ ಚಿತ್ರ ಬಂದಾಗ ಇವೆಲ್ಲ ಸೇರಿ ಆರು ಕಿಲೋವಾಟಿನಷ್ಟು, ಅಂದರೆ 26 ಆಂಪೇರು ಎಳೆಯುತ್ತವೆ. ಸಾಮಾನ್ಯ ದೃಶ್ಯಕ್ಕೆ ಅದರ ಮೂರನೆಯ ಒಂದು ಪಾಲು ಸಾಕು. ಆದ್ದರಿಂದಲೇ 16 ಆಂಪೇರಿನ ಒಂದೇ ಪ್ಲಗ್ಗಿಗೆ ಪರದೆಯನ್ನೆಲ್ಲ ತಗುಲಿಸಿದವನಿಗೆ ಸಂಜೆಯೆಲ್ಲ ಏನೂ ಆಗುವುದಿಲ್ಲ. ನಡುರಾತ್ರಿ ವಿಶ್ವರೂಪದ ಬೆಳಕು ಬಂದಾಗ ಪ್ಲಗ್ಗು ಕರಗುತ್ತದೆ.

ಆದರೆ ಹೆಚ್ಚು ಅಪಾಯವಿರುವುದು ದೊಡ್ಡ ಆಂಪೇರಿನಲ್ಲಲ್ಲ, ಚಿಕ್ಕದರಲ್ಲಿ. ಪ್ರತಿ ಪೆಟ್ಟಿಗೆಯೊಳಗಿನ ಪವರ್ ಸಪ್ಲೈಯಿಂದ ಒಂದು ಮಿಲಿಯಾಂಪೇರಿನ ಆಸುಪಾಸು ಕರೆಂಟು ಲೋಹದ ಮೈಗೆ ಜಿನುಗುತ್ತದೆ. ಅದು ದೋಷವಲ್ಲ, ಅದರ ರಚನೆಯೇ ಹಾಗೆ. ಒಂದು ಪೆಟ್ಟಿಗೆ ಮುಟ್ಟಿದರೆ ಜುಮ್ಮೆನ್ನುತ್ತದೆ, ಅಷ್ಟೆ. ಮೂವತ್ತೈದು ಪೆಟ್ಟಿಗೆಗಳು ಒಂದೇ ಕಬ್ಬಿಣದ ಚೌಕಟ್ಟಿಗೆ ಸೇರಿದಾಗ ಜಿನುಗುಗಳೂ ಒಟ್ಟಾಗುತ್ತವೆ. ಅದು ಭೂಮಿಗಿಳಿಯಲು ಹಾಕಿರುವ ದಾರಿಯೇ ಹಸಿರು ತಂತಿ, ಎಂದರೆ ಅರ್ಥಿಂಗ್. ಆ ತಂತಿ ಇಲ್ಲದಿದ್ದರೆ ಅದು ಬೇರೆ ದಾರಿ ಕಾಯುತ್ತ ನಿಲ್ಲುತ್ತದೆ. ಬರಿಗಾಲಿನವನೊಬ್ಬ ಚೌಕಟ್ಟನ್ನು ಹಿಡಿದರೆ ದಾರಿ ಸಿಕ್ಕಿತು. ಹತ್ತು ಹದಿನೈದು ಮಿಲಿಯಾಂಪೇರಿಗೇ ಹಿಡಿದ ಕೈಯನ್ನು ಬಿಡಿಸಿಕೊಳ್ಳಲಾಗದು. ಮೂವತ್ತು ದಾಟಿದರೆ ಎದೆಬಡಿತಕ್ಕೇ ಸಂಚಕಾರ.

ಇದಕ್ಕೆ ಕಾವಲುಗಾರನೆಂದರೆ ಆರ್‌ಸಿಸಿಬಿ ಎಂಬ ಸ್ವಿಚ್ಚು. ಅದು ಬಲು ಕಟ್ಟುನಿಟ್ಟಿನ ಶಾನುಭೋಗ. ಫೇಸಿನಲ್ಲಿ ಹೋದದ್ದೆಷ್ಟು, ನ್ಯೂಟ್ರಲ್ಲಿನಲ್ಲಿ ಬಂದದ್ದೆಷ್ಟು ಎಂದು ಸದಾ ತಾಳೆ ನೋಡುತ್ತದೆ. 30 ಮಿಲಿಯಾಂಪೇರು ಕಡಿಮೆ ಬಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಬಾಗಿಲು ಮುಚ್ಚುತ್ತದೆ. 15 ದಾಟಿದ ಮೇಲೆ ಯಾವಾಗ ಬೇಕಾದರೂ ಮುಚ್ಚಬಹುದು. ತೊಡಕಿರುವುದು ಇಲ್ಲಿಯೇ. 35 ಪೆಟ್ಟಿಗೆಗಳನ್ನು ಒಂದೇ ಸ್ವಿಚ್ಚಿನ ಕೆಳಗೆ ಇಟ್ಟರೆ, ಯಾರನ್ನೂ ಏನೂ ಮುಟ್ಟದಿದ್ದರೂ ಅದು ಬೀಳುತ್ತದೆ.

ಹೋದ ವರ್ಷ ಒಂದು ಹಳ್ಳಿಯಲ್ಲಿ (ಹೆಸರು ಬೇಡ) ಕುರುಕ್ಷೇತ್ರ ನಾಟಕ. ಪರದೆಯವರು ಎಲ್ಲ ಪೆಟ್ಟಿಗೆಗಳನ್ನೂ ಒಂದೇ ಲೈನಿಗೆ ಕಟ್ಟಿದ್ದರು. ದ್ರೌಪದಿ ಸಭೆಗೆ ಬರುವ ಹೊತ್ತಿಗೆ ಮೂರು ಸಲ ಪರದೆ ಕಪ್ಪಾಯಿತು. ಜನ ಶಿಳ್ಳೆ ಹಾಕತೊಡಗಿದರು. ನಾಟಕದ ಯಜಮಾನರು ಬಂದು ಗದರಿದರು:

“ಏನಣ್ಣಾ, ಆ ಹಾಳು ಸ್ವಿಚ್ಚು ಕಿತ್ತಾಕಿ ಡೈರೆಕ್ಟ್ ಕೊಡು. ಜನ ಕೂಗ್ತಾವ್ರೆ.”

“ಕೊಡಲ್ಲ ಗೌಡ್ರೆ. ಅರ್ಧ ಗಂಟೆ ಬಿಡಿ, ಸರಿ ಮಾಡ್ತೀನಿ.”

“ಅರ್ಧ ಗಂಟೆ ದುರ್ಯೋಧನ ಏನ್ ಮಾಡಬೇಕು?”

“ಹಾಡ್ಲಿ.”

ದುರ್ಯೋಧನ ಹಾಡಿದ. ದೀಪ ಮತ್ತು ಮೈಕಿನ ಲೈನು ಬೇರೆಯಾದ್ದರಿಂದ ಅವನಿಗೇನೂ ತೊಂದರೆಯಿರಲಿಲ್ಲ. ಒಂದೇ ಕಂದವನ್ನು ಮೂರು ಸಲ ಹಾಡಿ ‘ಒನ್ಸ್ ಮೋರ್’ ಕೂಡ ಗಿಟ್ಟಿಸಿಕೊಂಡ. ನಾನು ಬೈಕಿನಲ್ಲಿ ಮನೆಗೆ ಹೋಗಿ ಇನ್ನೆರಡು ಸ್ವಿಚ್ಚು ತಂದೆ. ತಂದೆಯವರು ಪೆಟ್ಟಿಗೆಗಳನ್ನು ಮೂರು ಗುಂಪು ಮಾಡಿ, ಗುಂಪಿಗೊಂದು ಲೈನು, ಲೈನಿಗೊಂದು ಸ್ವಿಚ್ಚು ಕೊಟ್ಟರು. ಗುಂಪಿಗೆ 12 ಪೆಟ್ಟಿಗೆಗಳೆಂದರೆ ಜಿನುಗು 12 ಮಿಲಿಯಾಂಪೇರು, ಎಳೆತ 9 ಆಂಪೇರು. ಮತ್ತೆ ಸ್ವಿಚ್ಚು ಬೀಳಲಿಲ್ಲ. ಅಷ್ಟು ಹೊತ್ತೂ ಆ ಕಬ್ಬಿಣದ ಚೌಕಟ್ಟಿಗೆ ಒರಗಿಕೊಂಡು ನಾಲ್ಕಾರು ಹುಡುಗರು ಚುರುಮುರಿ ತಿನ್ನುತ್ತಿದ್ದರು. ಧೂಳು ಏಳದಿರಲೆಂದು ಅವರ ಕಾಲ ಕೆಳಗಿನ ನೆಲಕ್ಕೆ ಸಂಜೆಯಷ್ಟೇ ನೀರು ಚಿಮುಕಿಸಿತ್ತು.

ಬೆಳಿಗ್ಗೆ ಲೆಕ್ಕ ಮಾಡುವಾಗ ಯಜಮಾನರು 2,000 ರೂಪಾಯಿ ಹಿಡಿದುಕೊಂಡರು, ನಾಟಕ ನಿಲ್ಲಿಸಿದ್ದಕ್ಕೆ. ತಂದೆಯವರು ವಾದಿಸಲಿಲ್ಲ. ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಅವರ ಕೆಲಸದ ಕ್ರಮವೂ ಹೇಳುವಂಥದು. ಮೊದಲು ಹಸಿರು, ಆಮೇಲೆ ನ್ಯೂಟ್ರಲ್, ಕೊನೆಗೆ ಫೇಸು. ಬಿಚ್ಚುವಾಗ ಇದರ ತಿರುಗುಮುರುಗು. ಮೂರು ಫೇಸಿನ ಜನರೇಟರಿನಲ್ಲಿ ನ್ಯೂಟ್ರಲ್ಲೊಂದು ಸಡಿಲವಾದರೆ 230 ವೋಲ್ಟಿನ ಜಾಗದಲ್ಲಿ 400ರ ಸಮೀಪ ನುಗ್ಗಿ ಪೆಟ್ಟಿಗೆಗಳು ಸುಟ್ಟುಹೋಗಬಹುದು. ನಮ್ಮ ನೆಲದಲ್ಲಿ ಅರ್ಥಿಂಗ್ ಸರಳು ಇಳಿಸುವುದಂತೂ ತಪಸ್ಸು: ಗುದ್ದಲಿ ಹಾಕಿದಲ್ಲಿ ಕಲ್ಲು, ಕಲ್ಲಿಲ್ಲದಲ್ಲಿ ಒಣಮಣ್ಣು. ಒಣಮಣ್ಣು ಕರೆಂಟನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅದಕ್ಕಾಗಿ ದೂರ ದೂರ ಎರಡು ಸರಳು ಹೊಡೆದು, ಬುಡಕ್ಕೆ ಕೊಡಗಟ್ಟಲೆ ನೀರು ಸುರಿಯುತ್ತಾರೆ. ಕುಡಿಯುವ ನೀರಿಗೆ ಪರದಾಡುವ ಊರಿನಲ್ಲಿ ಆ ನೀರನ್ನು ಕೇಳಿ ಪಡೆಯುವುದೂ ಒಂದು ಸಂಕೋಚವೇ.

ಇನ್ನು ಮೇಲಿನ ತಂತಿಗಳು. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ಚಿತ್ರನಟರೊಬ್ಬರ ಹುಟ್ಟುಹಬ್ಬಕ್ಕೆ ಕಟೌಟು ನಿಲ್ಲಿಸುವಾಗ ಅದು ವಿದ್ಯುತ್ ತಂತಿಗೆ ತಗುಲಿ ಮೂವರು ಯುವಕರು ತೀರಿಕೊಂಡರು. ಹೆಚ್ಚುಕಡಿಮೆ ನಮ್ಮ ವಯಸ್ಸಿನವರೇ. ಆ ಸುದ್ದಿ ಓದಿದ ಮೇಲೆ ನಮ್ಮ ತಂದೆಯವರು ಚೌಕಟ್ಟು ಎತ್ತುವ ಮೊದಲು ತಲೆಯೆತ್ತಿ ಬಯಲನ್ನು ಒಂದು ಸುತ್ತು ಹಾಕಿ ಬರುತ್ತಾರೆ.

ಈ ಸಲದ ನಮ್ಮ ವಾರ್ಷಿಕೋತ್ಸವಕ್ಕೂ ಪರದೆ ಬೇಕೆಂದು ವಿದ್ಯಾರ್ಥಿ ಸಂಘ ತೀರ್ಮಾನಿಸಿದೆ. ಮೂರು ದರಪಟ್ಟಿಗಳು ಬಂದಿವೆ. ನಮ್ಮ ತಂದೆಯವರು ಕಳುಹಿಸಿಲ್ಲ, ಮಗ ಓದುವ ಕಾಲೇಜಿನ ಹಣ ಬೇಡವೆಂದರು. ಎರಡರಲ್ಲಿ ಪರದೆಯ ಅಳತೆ, ಬಾಡಿಗೆ, ಸಾಗಾಣಿಕೆ ಮಾತ್ರ ಇವೆ. ಮೂರನೆಯದರಲ್ಲಿ ಬೇರೆ ಬೇರೆ ಲೈನು, ಆರ್‌ಸಿಸಿಬಿ, ಅರ್ಥಿಂಗ್ ಎಂದು ಒಂದು ಸಾಲು ಹೆಚ್ಚಿಗೆ ಇದೆ; ಅದಕ್ಕೆ 1,500 ರೂಪಾಯಿಯೂ ಹೆಚ್ಚಿಗೆ ಇದೆ. ಸಂಘದ ಸಭೆ ಶನಿವಾರ ಮಧ್ಯಾಹ್ನ. ನಾನು ಸದಸ್ಯನಲ್ಲ, ಆದರೆ ಬಾಗಿಲ ಬಳಿ ನಿಂತಿರುತ್ತೇನೆ. ಆ ಸಾಲನ್ನು ಗಟ್ಟಿಯಾಗಿ ಓದಿ ಎಂದು ಕಾರ್ಯದರ್ಶಿಗೆ ಈಗಾಗಲೇ ಹೇಳಿದ್ದೇನೆ.