ಕುದುರೆಮುಖದ ದಾರಿಯಲ್ಲಿ ಭಾವನ ಜೊತೆ

ಓದುಗರೇ, ಮಲೆನಾಡಿನಿಂದ ಕುದುರೆಮುಖಕ್ಕೆ ಬೈಕಿನಲ್ಲಿ ಹೋಗುವ ಆಸೆ ನಿಮಗಿದ್ದರೆ ಮಳೆಗಾಲ ಮುಗಿಯುವವರೆಗೆ ಕಾಯಿರಿ. ನವೆಂಬರಿನಲ್ಲಿ ಹಸಿರು ಇನ್ನೂ ಮಾಸಿರುವುದಿಲ್ಲ, ರಸ್ತೆಯ ಪಾಚಿ ಮಾತ್ರ ಒಣಗಿರುತ್ತದೆ. ನಾನು ಹೋದದ್ದೂ ಅದೇ ತಿಂಗಳಲ್ಲಿ. ಹಿಂದಿನ ಸೀಟಿನಲ್ಲಿ ಅರುವತ್ತು ದಾಟಿದ ನನ್ನ ಭಾವ ಕೂತಿದ್ದರು. ಒಂದು ಕಾಲದಲ್ಲಿ ಅವರು ಕುದುರೆಮುಖದಲ್ಲಿ ಗುತ್ತಿಗೆದಾರರೊಬ್ಬರ ಲಾರಿ ಓಡಿಸುತ್ತಿದ್ದರು. ಆ ಊರು ಬಿಟ್ಟ ಮೇಲೆ ಒಮ್ಮೆಯೂ ಅತ್ತ ಹೋಗಿರಲಿಲ್ಲ.

ನಸುಕಿನಲ್ಲೇ ಸಾಗರ ಬಿಟ್ಟೆವು. ಬಟ್ಟೆಮಲ್ಲಪ್ಪ ದಾಟಿ ಹೊಸನಗರ, ಅಲ್ಲಿಂದ ನಗರ. ರಸ್ತೆಯ ಪಕ್ಕದಲ್ಲೇ ಬಿದನೂರಿನ ಕೋಟೆಯಿದೆ. 1763ರಲ್ಲಿ ಹೈದರಲಿ ಗೆದ್ದುಕೊಂಡ ಕೋಟೆಯದು. ನಮ್ಮ ಸೀಮೆಯವರಿಗೆ ಊರು ಕಳೆದುಕೊಳ್ಳುವ ನೋವು ಹೊಸತಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ನಿಂತಾಗ ಸಾಗರ, ಹೊಸನಗರ ತಾಲೂಕುಗಳ ಎಷ್ಟೋ ಹಳ್ಳಿಗಳು ಶರಾವತಿಯ ನೀರಿನಡಿ ಸೇರಿದವು. ನಾಡಿಗೆಲ್ಲ ಬೆಳಕು ಬಂತು. ಮುಳುಗಿದ ಮನೆಯವರನ್ನು ನಾಡು ಬೇಗನೆ ಮರೆಯಿತು.

ತೀರ್ಥಹಳ್ಳಿಯ ಕಮಾನು ಸೇತುವೆಯ ಬಳಿ ಚಹಾ ಕುಡಿದೆವು. ಕೆಳಗೆ ತುಂಗೆ ಹರಿಯುತ್ತಿದ್ದಳು. ಮುಂದಿನ ದಾರಿ ಅವಳ ತವರಿನ ಕಡೆಗೆ. ಆಗುಂಬೆಯ ಕಾಡು ದಾಟಿ ಶೃಂಗೇರಿಗೆ ಬಂದಾಗ ಮತ್ತೆ ಸಿಗುತ್ತಾಳೆ. ಪೆಟ್ರೋಲನ್ನು ಇಲ್ಲೇ ತುಂಬಿಸಿಕೊಳ್ಳಿ. ನೆಮ್ಮಾರು, ಕೆರೆಕಟ್ಟೆ ಕಳೆದು ಎಸ್.ಕೆ. ಬಾರ್ಡರಿಗೆ ಬಂದರೆ ಬಲಕ್ಕೆ ಕಾರ್ಕಳದ ರಸ್ತೆ, ಎಡಕ್ಕೆ ಕುದುರೆಮುಖದ ರಸ್ತೆ. ಆ ರಸ್ತೆಯಲ್ಲಿ ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲವಿದೆ, ರಸ್ತೆಯಂಚಿಗೇ ಧುಮುಕುವ ಕಡಾಂಬಿ ಜಲಪಾತವಿದೆ. ಕಣಿವೆಗಳಲ್ಲಿ ದಟ್ಟ ಕಾಡು, ಅದರ ಮೇಲೆ ಬೋಳು ಹುಲ್ಲುಬೆಟ್ಟ. ಆಗುಂಬೆಯ ಮೀಸಲು ಅರಣ್ಯವೂ ಕುದುರೆಮುಖ ರಾಷ್ಟ್ರೀಯ ಉದ್ಯಾನವೂ 2012ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಇಲ್ಲಿ ವೇಗ ಬೇಡ, ಹಾರ್ನ್ ಬೇಡ, ಪ್ಲಾಸ್ಟಿಕ್ ಎಸೆಯುವುದಂತೂ ಬೇಡವೇ ಬೇಡ.

ಇಷ್ಟು ಚೆಂದದ ಬೆಟ್ಟವನ್ನು ಅಗೆದದ್ದೇಕೆ? ಕಬ್ಬಿಣಕ್ಕಾಗಿ. 1976ರಲ್ಲಿ ಸರಕಾರಿ ಕಂಪೆನಿ ಸ್ಥಾಪನೆಯಾಯಿತು. ಹಣ ಕೊಟ್ಟು ಅದಿರು ಕೊಳ್ಳಲು ಒಪ್ಪಿದ್ದು ಶಾಹನ ಕಾಲದ ಇರಾನ್. 1979ರ ಕ್ರಾಂತಿಯ ನಂತರ ಆ ಲೆಕ್ಕಾಚಾರ ತಲೆಕೆಳಗಾಗಿ, ಬೇರೆ ಗಿರಾಕಿಗಳನ್ನು ಹುಡುಕಬೇಕಾಯಿತು. ಅದಿರನ್ನು ಪುಡಿ ಮಾಡಿ, ನೀರಿನಲ್ಲಿ ಕಲಸಿ, ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರಿನ ಪಣಂಬೂರಿಗೆ ಕಳುಹಿಸುತ್ತಿದ್ದರು. ಉಳಿದ ಕೆಸರು ನಿಲ್ಲಲು ಲಕ್ಯಾ ಅಣೆಕಟ್ಟು ಕಟ್ಟಿದರು. ಆದರೂ ಇಲ್ಲಿನ ಜಡಿಮಳೆಗೆ ಗಣಿಯ ಮಣ್ಣು ಕೊಚ್ಚಿಕೊಂಡು ಹೋಗಿ ಭದ್ರೆ ಕೆಂಪಾಗುತ್ತಿದ್ದಳು. 2002ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆಯನ್ನು 2005ರ ಕೊನೆಗೆ ನಿಲ್ಲಿಸಬೇಕೆಂದು ತೀರ್ಪು ನೀಡಿತು.

ಹರಿಯುವ ಹೊಳೆಯ ದಡದಲ್ಲಿ ವುಝೂ ಮಾಡಿದರೂ ನೀರು ಪೋಲು ಮಾಡಬಾರದು ಎಂದು ಕಲಿತು ಬೆಳೆದವನು ನಾನು. ಆಗ ಬಿ.ಎ. ಓದುತ್ತಿದ್ದೆ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಗಣಿ ಮುಚ್ಚಬೇಕೆಂದು ಗಟ್ಟಿಯಾಗಿ ವಾದಿಸಿ ಬಹುಮಾನ ತಂದಿದ್ದೆ. 2006ರ ಜನವರಿಯಲ್ಲಿ ಅಕ್ಕ ಎರಡು ಮಕ್ಕಳ ಕೈ ಹಿಡಿದು, ಟ್ರಂಕಿನೊಂದಿಗೆ ನಮ್ಮ ಮನೆ ಬಾಗಿಲಿಗೆ ಬಂದಳು. ಭಾವನಿಗೆ ಕೆಲಸ ಹೋಗಿತ್ತು. ಕಾಯಂ ನೌಕರರಲ್ಲದ ಕಾರಣ ಕೈಗೆ ಪರಿಹಾರವೆಂದು ಏನೂ ಬಂದಿರಲಿಲ್ಲ. ನನ್ನ ಬಹುಮಾನದ ತಟ್ಟೆ ಗೋಡೆಯ ಕಪಾಟಿನಲ್ಲಿ ಎದ್ದು ಕಾಣುವಂತೆ ಇತ್ತು. ಭಾವ ಅದನ್ನು ನೋಡಿದರು. ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಹಾಗೆಯೇ ವರ್ಷಗಳು ಕಳೆದವು.

ಕುದುರೆಮುಖ ತಲುಪಿದಾಗ ಮಧ್ಯಾಹ್ನ ಇಳಿದಿತ್ತು. ಖಾಲಿ ಕ್ವಾರ್ಟರ್ಸುಗಳ ಸಾಲು, ಅಂಗಳದಲ್ಲಿ ಆಳೆತ್ತರ ಬೆಳೆದ ಹುಲ್ಲು. ಭಾವ ಸುತ್ತ ಕಣ್ಣಾಡಿಸಿ, ಅಕ್ಕ ನೀರು ಹಿಡಿಯುತ್ತಿದ್ದ ನಲ್ಲಿಯ ಜಾಗ ತೋರಿಸಿದರು. ಆಮೇಲೆ ಭದ್ರೆಯ ದಡಕ್ಕೆ ಇಳಿದು ಬೊಗಸೆಯಲ್ಲಿ ನೀರೆತ್ತಿ ಬಹಳ ಹೊತ್ತು ನೋಡಿದರು.

"ತಿಳಿಯಾಗಿದೆ ಮೇಷ್ಟ್ರೇ. ನಾವಿದ್ದಾಗ ಮಳೆಗಾಲದಲ್ಲಿ ಹೀಗಿರಲಿಲ್ಲ. ಮುಚ್ಚಿದ್ದು ಒಳ್ಳೇದೇ ಆಯ್ತು."

"ಭಾವ, ಆಗ ನಾನು ನಿಮ್ಮನ್ನು ಒಂದು ಮಾತೂ ಕೇಳಲಿಲ್ಲ. ತಪ್ಪಾಯ್ತು" ಎಂದೆ.

ಅವರು ಕೈ ಒರೆಸಿಕೊಂಡರು. "ನೀವು ಹುಡುಗರು, ಬಿಡಿ. ದೊಡ್ಡವರಾದರೂ ಕೇಳಬಹುದಿತ್ತು. ಗಣಿ ನಿಲ್ಲಿಸೋಕೆ ಮೂರು ವರ್ಷ ಟೈಮ್ ಕೊಟ್ರು. ಅಷ್ಟರಲ್ಲಿ ನಮ್ಮಂಥೋರಿಗೆ ಬೇರೆ ಏನಾದ್ರೂ ದಾರಿ ಮಾಡಬಹುದಿತ್ತಲ್ವಾ?"

ನನ್ನಲ್ಲಿ ಉತ್ತರವಿರಲಿಲ್ಲ. ಓದುಗರೇ, ಅಂದು ನಾನು ವಾದಿಸಿದ್ದು ಸರಿಯೆಂದೇ ಇಂದಿಗೂ ನಂಬುತ್ತೇನೆ. ಹೊಳೆ ಉಳಿಯಲೇಬೇಕಿತ್ತು. ಆದರೆ ಅದರ ಬೆಲೆಯನ್ನು ನನ್ನ ಅಕ್ಕನ ಮನೆಯವರು ತೆತ್ತರು, ಚಪ್ಪಾಳೆ ನನಗೆ ಸಿಕ್ಕಿತು. ಈ ದಾರಿಯಲ್ಲಿ ನೀವೂ ಹೋಗಿ ಬನ್ನಿ. ಆ ಊರಿನಲ್ಲಿ ದುಡಿದವರು ನಿಮ್ಮ ಬಂಧುಗಳಲ್ಲೋ ನೆರೆಯವರಲ್ಲೋ ಇದ್ದರೆ ಅವರನ್ನೂ ಕರೆದುಕೊಂಡು ಹೋಗಿ. ಅವರ ಮಾತು ಕೇಳಿಸಿಕೊಳ್ಳಿ.

ಆ ರಾತ್ರಿ ಕಳಸದಲ್ಲಿ ತಂಗಿದೆವು. ಭಾವ ಅಕ್ಕನಿಗೆ ಫೋನ್ ಮಾಡಿ ಹೇಳಿದ ಮೊದಲ ಮಾತು: "ನಮ್ಮ ಮನೆ ಇನ್ನೂ ನಿಂತಿದೆ ಕಣೇ."