ಅವ್ವನ ಕೈ

ನಾನು ಕಲಾ ವಿಭಾಗದ ವಿದ್ಯಾರ್ಥಿ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗ. ವೈದ್ಯಶಾಸ್ತ್ರದ ಮಾತು ನಿನಗೇಕೆಂದು ವಾಚಕರು ಕೇಳಬಹುದು. ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಅದಕ್ಕಾಗಿ ಈ ಬರಹ.

2006ರಲ್ಲಿ ಚಿಕುನ್‌ಗುನ್ಯಾ ಜ್ವರ ನಮ್ಮ ನಾಡನ್ನು ಹೊಕ್ಕಿತು. ಆ ವರ್ಷ ಕರ್ನಾಟಕದಲ್ಲಿ 7 ಲಕ್ಷಕ್ಕೂ ಹೆಚ್ಚು ಶಂಕಿತ ರೋಗಿಗಳ ಲೆಕ್ಕ ಸಿಕ್ಕಿತು. ಇಂಡಿ ತಾಲೂಕಿನ ನಮ್ಮ ಹಳ್ಳಿಯಲ್ಲಿ ಅವ್ವನೂ ಮಲಗಿದಳು. ನಾನಾಗ ತೊಟ್ಟಿಲ ಕೂಸು. ಜ್ವರ ವಾರದಲ್ಲಿ ಇಳಿಯಿತು. ಬೆರಳ ಕೀಲುಗಳ ನೋವು ಮಾತ್ರ ಉಳಿಯಿತು.

ಮುಂಜಾನೆ ಅವಳಿಗೆ ಮುಷ್ಟಿ ಕಟ್ಟಲು ಬಾರದು, ರೊಟ್ಟಿ ಬಡಿಯಲು ಆಗದು. ಹೊತ್ತೇರಿದಂತೆ ಕೈ ಸಡಿಲಾಗಿ, ನಿಂಬೆಯ ತೋಟಕ್ಕೆ ಕೂಲಿಗೆ ಹೋಗುವಳು. ಓಣಿಯವರು "ಮುಂಜಾನಿ ಬ್ಯಾನಿ, ಮಧ್ಯಾಹ್ನ ಮಾಯ" ಎಂದು ನಗುತ್ತಿದ್ದರು. ಹೈಸ್ಕೂಲಿಗೆ ಬುತ್ತಿಯಿಲ್ಲದೆ ಹೊರಟ ಒಂದು ದಿನ ನಾನೂ ಅದೇ ಮಾತನ್ನು ಅವಳ ಮುಖಕ್ಕೆ ಅಂದೆ. ಅವ್ವ ಉತ್ತರ ಕೊಡಲಿಲ್ಲ; ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಕಳೆದ ವರ್ಷ ವೈದ್ಯರೊಬ್ಬರು ಅವಳನ್ನು ಕೇಳಿದ ಮೊದಲ ಪ್ರಶ್ನೆಯೇ, "ಮುಂಜಾನೆ ಬಿಗಿತ ಎಷ್ಟು ಹೊತ್ತು ಇರುತ್ತದೆ?" ಎಂಬುದು. ನಾವು ಸೋಗು ಎಂದದ್ದೇ ರೋಗದ ಗುರುತಾಗಿತ್ತು!

ಕಾರಣವನ್ನು ಆಮೇಲೆ ಓದಿ ತಿಳಿದೆ. ಕೀಲಿನ ಒಳಗೆ ತೆಳುವಾದ ಪೊರೆಯೊಂದಿದೆ. ಅದರ ಜೀವಕೋಶಗಳು ಕೀಲಿಗೆ ಎಣ್ಣೆಯಂತಹ ದ್ರವವನ್ನು ಒದಗಿಸುತ್ತವೆ. ವೈರಾಣು ಈ ಕೋಶಗಳನ್ನು ಹೊಕ್ಕಾಗ ಅವು ಇಂಟರ್‌ಫೆರಾನ್, ಇಂಟರ್‌ಲ್ಯೂಕಿನ್-6 ಮೊದಲಾದ ರಾಸಾಯನಿಕಗಳಿಂದ ಡಂಗುರ ಸಾರುತ್ತವೆ; ರಕ್ತದ ಬಿಳಿಕಣಗಳು ಕಾಪಿಗೆ ಧಾವಿಸುತ್ತವೆ. ಕೆಲವರಲ್ಲಿ ಜ್ವರ ಹೋಗಿ ವರ್ಷಗಳಾದರೂ ಡಂಗುರ ನಿಲ್ಲದು. ರುಮಟಾಯ್ಡ್ ಸಂಧಿವಾತದಲ್ಲಿಯೂ ಹೀಗೆಯೇ: ಬಿಳಿಕಣಗಳು ಪೊರೆಯನ್ನು ಕೆರಳಿಸುತ್ತವೆ, ಕೆರಳಿದ ಪೊರೆ ಮತ್ತಷ್ಟು ಬಿಳಿಕಣಗಳನ್ನು ಕರೆಯುತ್ತದೆ. ಕೊನೆಗೆ ಪೊರೆಯ ಕೋಶಗಳೇ ಮೃದ್ವಸ್ಥಿಯನ್ನು ಕರಗಿಸುವ ರಸ ಬಿಡುತ್ತವೆ. ಕಾಯುವವನೇ ಮನೆ ಕೆಡವಿದಂತೆ!

ಅವ್ವ ಈಗ ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ನುಂಗುತ್ತಾಳೆ; ಅದು ಈ ಗದ್ದಲವನ್ನು ತಗ್ಗಿಸುವ ಔಷಧಿ. 1940ರ ದಶಕದಲ್ಲಿ ಅಮೆರಿಕದಲ್ಲಿ ಅದನ್ನು ರೂಪಿಸಿದ ತಂಡದ ಮುಂದಾಳು ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್ ಎಂದು ತಿಳಿದಾಗ ಹೆಮ್ಮೆಯೆನಿಸಿತು.

ಬಸವಣ್ಣನವರು ಹುಟ್ಟಿದ ಬಸವನ ಬಾಗೇವಾಡಿ ನಮ್ಮ ಜಿಲ್ಲೆಯದೇ. ಕಾಯಕವನ್ನು ಗೌರವಿಸುವ ನೆಲದಲ್ಲಿ ಕೈ ಸೋತವರನ್ನು ಸೋಮಾರಿಗಳೆನ್ನುವುದು ಸುಲಭ. ಸಿಂದಗಿ, ಮುದ್ದೇಬಿಹಾಳದ ಗೆಳೆಯರ ಮನೆಗಳಲ್ಲಿಯೂ ಇಂತಹ ಕೈಗಳನ್ನು ಕಂಡಿದ್ದೇನೆ. ಮಿತ್ರರೇ, ಬೆಳಗಿನ ಬಿಗಿತ ಅರ್ಧ ಗಂಟೆ ಮೀರಿ ವಾರಗಟ್ಟಲೆ ಉಳಿದರೆ, ನಗದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಕರಗಿದ ಕೀಲು ಮರಳಿ ಬಾರದು.

ಮುಂಜಾನೆಯ ರೊಟ್ಟಿಯನ್ನು ಈಗ ನಾನೇ ಬಡಿಯುತ್ತೇನೆ. ಮೊನ್ನೆ ಹಿಟ್ಟು ನಾದುತ್ತ, ಅಂದು ಆಡಿದ ಮಾತಿಗೆ ಕ್ಷಮೆ ಕೇಳಿದೆ. ಅವ್ವ ಅಂದಳು: "ಬಿಸಿನೀರ ಹಾಕಿ ನಾದು, ಇಲ್ಲಾಂದ್ರ ರೊಟ್ಟಿ ಹರೀತಾವ."