ನೀರಿನೊಳಗಿನ ಹೊಸ್ತಿಲು

ಸ್ಥಾವರ, ಜಂಗಮ ಎಂಬ ಎರಡು ಪದಗಳನ್ನು ಕೇಳಿರದ ಶರಣಬಂಧುಗಳು ಇರಲಾರರು. ಪ್ರವಚನದಲ್ಲಿ, ಮದುವೆಯ ಮಂಟಪದಲ್ಲಿ, ಕೊನೆಗೆ ಸಾವಿನ ಮನೆಯಲ್ಲಿಯೂ ಇವು ಸುಲಭವಾಗಿ ನಾಲಿಗೆಗೆ ಬರುತ್ತವೆ. ಆದರೆ ತಾವು ಬಾಳಿದ ಮನೆಯೇ ಆ ಸ್ಥಾವರವಾಗಿ, ಅದು ಕಣ್ಣೆದುರಿನಲ್ಲಿ ನೀರಿನ ಪಾಲಾದವರ ಮುಂದೆ ಈ ಮಾತನ್ನಾಡುವುದು ಎಷ್ಟು ಕಠಿಣವೆಂಬುದು ಬಾಗಲಕೋಟೆಯ ಮೂಲದ ಒಂದು ಕುಟುಂಬದ ಎರಡು ದಿನಗಳ ಪ್ರಯಾಣದಿಂದ ಮನವರಿಕೆಯಾಗುತ್ತದೆ.

ಮೇ ತಿಂಗಳ ಒಂದು ಶುಕ್ರವಾರ ಸಂಜೆ ಬೆಂಗಳೂರಿನಲ್ಲಿ ಗೋಲಗುಂಬಜ್ ಎಕ್ಸ್‌ಪ್ರೆಸ್ ಏರಿದವರು ನಾಲ್ವರು: ಎಪ್ಪತ್ತೆರಡು ವರ್ಷದ ತಾಯಿ, ಮಗ, ಸೊಸೆ ಮತ್ತು ಒಂಬತ್ತನೆಯ ತರಗತಿಯ ಮೊಮ್ಮಗಳು. ಬುತ್ತಿಯ ಗಂಟಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ. ಮಗನ ಕೈಚೀಲದಲ್ಲಿ ನವನಗರದ ನಿವೇಶನದ ಕಾಗದಪತ್ರಗಳು. ಮುಳುಗಡೆಯಾದ ಮನೆಯ ಸಂಬಂಧವಾಗಿ ದೊರೆತ ಆ ನಿವೇಶನದಲ್ಲಿ ತಂದೆಯವರು ಮನೆ ಕಟ್ಟಲಿಲ್ಲ. ಬರುವ ವರ್ಷ ಕಟ್ಟುವೆನೆನ್ನುತ್ತಲೇ ಬೆಂಗಳೂರಿನಲ್ಲಿ ಮಗನ ಮನೆಯಲ್ಲಿದ್ದು ಲಿಂಗೈಕ್ಯರಾದರು. ಅದನ್ನು ಮಾರಿ ತನ್ನ ಫ್ಲಾಟಿನ ಸಾಲವನ್ನು ತೀರಿಸಬೇಕೆಂಬುದು ಮಗನ ಉದ್ದೇಶ. ಅದಕ್ಕೆ ತಾಯಿಯ ಸಹಿ ಬೇಕು. ಭಾನುವಾರ ಮಧ್ಯಾಹ್ನ ಕರಾರುಪತ್ರವೆಂದು ಗೊತ್ತಾಗಿತ್ತು. "ಊರು ನೋಡಿ ಬಂದಂಗೂ ಆಗತೈತಿ, ಅವ್ವಾ" ಎಂದು ಮಗ ಹೇಳಿದ್ದನು. ಅವರು ಆಗ ಏನನ್ನೂ ಹೇಳಿರಲಿಲ್ಲ.

ಆಲಮಟ್ಟಿ ಅಣೆಕಟ್ಟಿಗೆ ಶಂಕುಸ್ಥಾಪನೆಯಾದದ್ದು 1964ರಲ್ಲಿ, ಲಾಲ್ ಬಹಾದ್ದೂರ್ ಶಾಸ್ತ್ರಿಯವರಿಂದ. ಅಂದಿನಿಂದ ಒಂದು ತಲೆಮಾರಿನಷ್ಟು ಕಾಲ ಘಟಪ್ರಭೆಯ ದಂಡೆಯ ಈ ಊರು ಮುಳುಗುವ ಮಾತನ್ನು ಕೇಳುತ್ತಲೇ ಬದುಕಿತು. 2000ದಲ್ಲಿ ಸರ್ವೋಚ್ಚ ನ್ಯಾಯಾಲಯವು 519.6 ಮೀಟರಿನವರೆಗೆ ನೀರು ನಿಲ್ಲಿಸಲು ಸಮ್ಮತಿಸಿದ ಬಳಿಕ ಅದು ಮಾತಾಗಿ ಉಳಿಯಲಿಲ್ಲ. ಆ ನೀರಿನಿಂದ ಎಷ್ಟೋ ಒಣನೆಲ ಹಸಿರಾಯಿತೆಂಬುದನ್ನು ಅಲ್ಲಗಳೆಯಲಾಗದು. ತಾಯಿಯವರೂ ಅಲ್ಲಗಳೆಯುವುದಿಲ್ಲ, ಅವರ ತವರಿನ ಹೊಲಕ್ಕೆ ಕಾಲುವೆ ಬಂದಿದೆ.

ಉಳಿದುಕೊಂಡದ್ದು ತಾಯಿಯವರ ತಮ್ಮನ ಮನೆಯಲ್ಲಿ, ಹಳೆಯ ಊರಿನ ಉಳಿದ ಭಾಗದಲ್ಲಿ. ಆ ಮನೆಯ ಗೋಡೆಗೆ ಎಷ್ಟೋ ವರ್ಷಗಳಿಂದ ಸುಣ್ಣವಿಲ್ಲ. ನೀರಿನ ಮಟ್ಟ 524.256 ಮೀಟರಿಗೆ ಏರಿದರೆ ಆ ಓಣಿಯೂ ಹೋಗುತ್ತದೆ. 2010ರಲ್ಲಿ ನ್ಯಾಯಾಧಿಕರಣದ ತೀರ್ಪು ಬಂದಂದಿನಿಂದ ಅವರು ಹಂಚು ಒಡೆದರೆ ಹಂಚನ್ನಷ್ಟೇ ಬದಲಿಸುತ್ತಾರೆ. ಬಿಡಲಾಗದ, ಕಟ್ಟಲಾಗದ ಮನೆಯಲ್ಲಿ ಬಾಳುವುದೂ ಒಂದು ಬಗೆಯ ಮುಳುಗಡೆಯೇ.

ಬೇಸಿಗೆಯಾದುದರಿಂದ ನೀರು ಹಿಂದೆ ಸರಿದಿತ್ತು. ಶನಿವಾರ ಬೆಳಿಗ್ಗೆ ತಮ್ಮನೊಡನೆ ಎಲ್ಲರೂ ಅತ್ತ ನಡೆದರು. ಬಿರುಕು ಬಿಟ್ಟ ಎರೆಮಣ್ಣು, ಜಾಲಿಗಿಡ, ಅಲ್ಲಲ್ಲಿ ತಳಪಾಯದ ಕಲ್ಲಿನ ಸಾಲು. ತಾಯಿಯವರು ಓಣಿಯ ತಿರುವನ್ನು ಗುರುತಿಸಿ, ಎಡಗಡೆಯ ಮನೆಗಳನ್ನು ಒಂದೊಂದಾಗಿ ಎಣಿಸುತ್ತ ಹೋಗಿ ಒಂದೆಡೆ ನಿಂತರು. ತೇಗದ ಬಾಗಿಲು, ತೊಲೆ, ಜಂತಿಗಳನ್ನು ಬಿಚ್ಚಿ ಮಾರಿಯಾಗಿತ್ತು. ಕಲ್ಲಿನ ಹೊಸ್ತಿಲನ್ನು ಮಾತ್ರ ಯಾರೂ ಒಯ್ದಿರಲಿಲ್ಲ. ಅರ್ಧ ಹೂಳಿನಲ್ಲಿತ್ತು. ಮೊಮ್ಮಗಳು ಅದರ ಮೇಲೆ ಕಾಲಿಡಹೋದಾಗ ಅವರು ಥಟ್ಟನೆ ತಡೆದರು. ಆಮೇಲೆ ತಾವೇ ನಕ್ಕು, "ಇರಲಿ, ದಾಟಿ ಬಾ" ಎಂದರು. ಇದು ಪಡಸಾಲೆ, ಇದು ಅಡುಗೆಯ ಮನೆ ಎಂದು ಬಯಲಿನಲ್ಲಿ ನಡೆದಾಡಿ ತೋರಿಸಿದರು. ಪೂಜೆಯ ಕೋಣೆಯಿದ್ದ ಜಾಗಕ್ಕೆ ಬಂದಾಗ ಚಪ್ಪಲಿಯನ್ನು ಕಳಚಿದರು. ಬಿಸಿಲಿಗೆ ನೆಲ ಕಾದಿತ್ತು.

ಮಗನಿಗೆ ನೋಡಲಾಗಲಿಲ್ಲ. ಸಮಾಧಾನ ಹೇಳುವ ಒಳ್ಳೆಯ ಮನಸ್ಸಿನಿಂದಲೇ ಹೇಳಿದನು:

"ಅವ್ವಾ, ಇದೆಲ್ಲಾ ಸ್ಥಾವರ. ಹೋಗೂದು ಹೋಗೇತಿ. ಜಂಗಮ ಆಗಬೇಕು ನಾವು."

"ಖರೇ ಐತಿ. ಆದರ ನೀ ಹೇಳಬ್ಯಾಡ ಇದನ್ನ. ನೀ ಆಗ ಹುಬ್ಬಳ್ಳ್ಯಾಗ ಓದಾಕ ಇದ್ದಿ. ಮನಿ ಕೆಡವೂದು ನಿಂತು ನೋಡಿದಾಕಿ ನಾನು."

ಈ ಉತ್ತರವನ್ನು ಮೋಹವೆಂದು ತಳ್ಳಿಹಾಕುವವರು ಉಂಟು. ಅದು ಸರಿಯಲ್ಲ. ಬಸವಣ್ಣನವರು ಬಾಲ್ಯದಲ್ಲಿ ಬಾಗೇವಾಡಿಯ ಮನೆಯನ್ನು ತಾವಾಗಿಯೇ ತೊರೆದರು. ಮುಂದೆ ಕಲ್ಯಾಣದ ಅಧಿಕಾರವನ್ನೂ ಬಿಟ್ಟು ನಡೆದರು. ಸ್ಥಾವರ ಅಳಿಯುತ್ತದೆಂಬುದು ಹಾಗೆ ತಾವೇ ಬಿಟ್ಟವರ ಬಾಯಿಯಿಂದ ಬಂದ ಮಾತು. ಬಿಡಿಸಲ್ಪಟ್ಟವರಿಗೆ, ಏನನ್ನೂ ಕಳೆದುಕೊಳ್ಳದವರು ಅದನ್ನೇ ಬುದ್ಧಿವಾದವಾಗಿ ಒಪ್ಪಿಸಿದರೆ ಮಾತು ಅದೇ ಆದರೂ ತೂಕ ಅದೇ ಆಗುವುದಿಲ್ಲ. ಸ್ಥಾವರವೆಂದು ಹೇಳುವ ಹಕ್ಕು ನಮ್ಮ ನಮ್ಮ ಮನೆಯ ಕುರಿತು ಮಾತ್ರ ಇರುತ್ತದೆಯೇನೋ.

ಸಂಜೆ ನವನಗರದ ನಿವೇಶನವನ್ನು ನೋಡಿದ್ದಾಯಿತು. ಅಗಲವಾದ ರಸ್ತೆ, ಅಂಕಿಗಳಿಂದ ಕರೆಯುವ ಸೆಕ್ಟರುಗಳು, ಸುತ್ತ ಎಲ್ಲ ಕಟ್ಟಿಕೊಂಡ ಮನೆಗಳ ನಡುವೆ ಒಂದೇ ಒಂದು ಬಯಲು. ತಾಯಿಯವರು ಕೇಳಿದ್ದು ಒಂದೇ ಪ್ರಶ್ನೆ: ಕಟ್ಟಿದ್ದರೆ ಬಾಗಿಲು ಯಾವ ದಿಕ್ಕಿಗೆ ಬರುತ್ತಿತ್ತು? ಯಾರಿಗೂ ತಿಳಿದಿರಲಿಲ್ಲ.

ಭಾನುವಾರ ನಸುಕಿನಲ್ಲಿ ಕೂಡಲಸಂಗಮಕ್ಕೆ ಹೋದರು. ಕೃಷ್ಣೆ ಮಲಪ್ರಭೆಯರು ಕೂಡುವ ಆ ಸ್ಥಳವೂ ಹಿನ್ನೀರಿನ ವ್ಯಾಪ್ತಿಗೆ ಸೇರಿದುದರಿಂದ ಬಸವಣ್ಣನವರ ಐಕ್ಯಮಂಟಪದ ಸುತ್ತ ಬಾವಿಯಂತೆ ಎತ್ತರದ ಗೋಡೆಯನ್ನು ಕಟ್ಟಿ ಅದನ್ನು ಉಳಿಸಲಾಗಿದೆ. ಸೇತುವೆಯ ಮೇಲೆ ನಡೆದು, ಮೆಟ್ಟಿಲಿಳಿದು ದರ್ಶನ ಪಡೆಯಬೇಕು. ಮೊಣಕಾಲು ನೋವಿದ್ದರೂ ತಾಯಿಯವರು ಸೊಸೆಯ ಕೈ ಹಿಡಿದು ಇಳಿದರು. ಬಹಳ ಹೊತ್ತು ಕುಳಿತಿದ್ದರು. ಮೇಲೆ ಬಂದ ಮೇಲೆ ಸೊಸೆಗೆ ಹೇಳಿದರು: "ನಮ್ಮ ಹಿತ್ತಲದಾಗಿನ ಬಾವಿ ನೀರಾಗ ಮುಳುಗಿತು. ಇಲ್ಲಿ ನೀರಾಗ ಬಾವಿ ಕಟ್ಯಾರ. ಚಲೋ ಆತು, ಅಪ್ಪಗರೆ ಜಾಗಾ ಉಳೀತು." ಆ ಮಾತಿನಲ್ಲಿ ದೂರು ಇರಲಿಲ್ಲ. ಐಕ್ಯಸ್ಥಳವನ್ನು ಉಳಿಸಿದ್ದು ಸ್ಥಾವರವನ್ನು ಉಳಿಸಿದಂತಲ್ಲವೇ ಎಂದು ತರ್ಕಿಸುವ ಜಾಣರು ಅವರ ಮುಖವನ್ನೊಮ್ಮೆ ನೋಡಬೇಕಿತ್ತು.

ಮಧ್ಯಾಹ್ನ ದಲ್ಲಾಳಿಯೂ ಕೊಳ್ಳುವವರೂ ತಮ್ಮನ ಮನೆಗೆ ಬಂದರು. ಚಹಾ ಆಯಿತು. ಕಾಗದವನ್ನು ಓದಿ ಹೇಳಿ, ಪೆನ್ನನ್ನು ತಾಯಿಯವರ ಮುಂದಿಟ್ಟರು. ಅವರು ಪೆನ್ನನ್ನು ಮುಟ್ಟದೆ ಮಗನತ್ತ ತಿರುಗಿದರು.

"ಆ ಮನಿಗೆ ನಿಮ್ಮಪ್ಪಾರು ಸಹಿ ಮಾಡಿ ಬಂದರು. ನಾ ಒಲಿ ಮುಂದ ಇದ್ದೆ. ಸಂಜಿಗೆ ಹೇಳಿದರು, ಆತು ಅಂತ. ನನ್ನ ಯಾರೂ ಕೇಳಲಿಲ್ಲ. ಇವತ್ತ ಕೇಳಾಕತ್ತೀರಿ. ಕೇಳಿದ ಮ್ಯಾಲ ವಿಚಾರ ಮಾಡಾಕ ಹೊತ್ತು ಕೊಡಬೇಕಲಾ?"

"ಎಷ್ಟು ಹೊತ್ತು, ಅವ್ವಾ?"

"ಅದನ್ನೂ ವಿಚಾರ ಮಾಡಬೇಕು."

ಮಗನ ಮುಖ ಸಣ್ಣದಾಯಿತು. ಬ್ಯಾಂಕಿನ ಕಂತು ಕಾಯುವುದಿಲ್ಲವೆಂಬುದು ಅವನ ಪಾಲಿನ ಸತ್ಯ. ಸೊಸೆಯೇ ಬಂದವರಿಗೆ ಇನ್ನೊಂದು ಸುತ್ತು ಚಹಾ ಕೊಟ್ಟು, ಮುಂದಿನ ತಿಂಗಳು ತಿಳಿಸುತ್ತೇವೆಂದು ಹೇಳಿ ಕಳುಹಿಸಿದರು.

ರಾತ್ರಿಯ ರೈಲಿನಲ್ಲಿ ಕಾಗದಗಳು ಕೈಚೀಲದಲ್ಲಿಯೇ ಇದ್ದವು. ಮಗ ಮೇಲಿನ ಬರ್ತಿನಲ್ಲಿ ಗೋಡೆಯ ಕಡೆಗೆ ತಿರುಗಿ ಮಲಗಿದ್ದನು. ಮೊಮ್ಮಗಳು ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ ಹಳೆಯ ಮನೆಯ ನಕ್ಷೆಯನ್ನು ಬರೆಯುತ್ತ, ಜೋಳ ತುಂಬಿಡುವ ಹಗೇವು ಎಲ್ಲಿ ಬರುತ್ತದೆಂದು ಕೇಳಿದಳು. ಪಡಸಾಲೆಯ ಎಡಕ್ಕೆ ಎಂದರು ಅಜ್ಜಿ. ಸ್ವಲ್ಪ ಹೊತ್ತು ಸುಮ್ಮನಿದ್ದು, ಅಲ್ಲ, ಬಲಕ್ಕೆ ಎಂದು ತಿದ್ದಿದರು.